ವಿಮಾನ ಕೆತ್ತಿದಾಗ ಬೀಳುವ ಸಿಪ್ಪೆ ಎಲ್ಲಿಗೆ ಹೋಗುತ್ತದೆ?

ವಿಮಾನಪುರದ_ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಶಾಲೆ ಎಚ್‌ಎಎಲ್ ಹತ್ತಿರವೇ ಇದೆ, ತೇಜಸ್ ಮೇಲೆದ್ದರೆ ಪಾಠ ನಿಲ್ಲಿಸಿ ಎಲ್ಲರೂ ಕಿಟಕಿಗೆ ಓಡುತ್ತೇವೆ. ಮೊನ್ನೆ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು, "ಸರ್, ಪೆನ್ಸಿಲ್ ಕೆತ್ತಿದರೆ ಸಿಪ್ಪೆ ಬೀಳುತ್ತದಲ್ಲ, ವಿಮಾನ ಕೆತ್ತುವಾಗ ಬೀಳುವ ಸಿಪ್ಪೆ ಏನು ಮಾಡುತ್ತಾರೆ?" ಅಂತ ಕೇಳಿದಳು. "ರೀಸೈಕಲ್ ಮಾಡುತ್ತಾರಮ್ಮ" ಅಂದೆ. ಅವಳಿಗೂ ಸಮಾಧಾನ ಆಗಲಿಲ್ಲ, ನನಗೂ ಆಗಲಿಲ್ಲ. ಇಷ್ಟು ದೊಡ್ಡ ರಕ್ಷಣಾ ಕಾರ್ಖಾನೆಗಳಲ್ಲಿ ಲೋಹದ ಚೂರು, ಎಣ್ಣೆ, ಆಸಿಡ್ ನೀರು ಇವೆಲ್ಲ ನಿಜವಾಗಿ ಎಲ್ಲಿಗೆ ಹೋಗುತ್ತವೆ? ಒಳಗೆ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ಹಳೇ_ಮಿಲ್ಲರ್

ಮೇಷ್ಟ್ರೇ, ಆ ಹುಡುಗಿ ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾಳೆ. ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ 31 ವರ್ಷ ಮಿಲ್ಲಿಂಗ್ ಮಷಿನ್ ಮೇಲೆ ನಿಂತವನು ನಾನು. ಕೆಲವು ಭಾಗಗಳಿಗೆ 10 ಕೆಜಿ ಅಲ್ಯೂಮಿನಿಯಂ ಗಟ್ಟಿ ಹಾಕಿದರೆ ಕೊನೆಗೆ ಕೈಗೆ ಸಿಗುವುದು ಒಂದು ಕೆಜಿ. ಮಿಕ್ಕ 9 ಕೆಜಿ ಚಿಪ್ಸ್ ಆಗಿ ಕೆಳಗೆ ಬೀಳುತ್ತದೆ. ಅಂದರೆ ಸಿಪ್ಪೆಯೇ ಜಾಸ್ತಿ, ಪೆನ್ಸಿಲ್ಲೇ ಕಮ್ಮಿ.

ಅದನ್ನು ಎಸೆಯುವ ಮಾತೇ ಇಲ್ಲ. ಅದಿರಿನಿಂದ ಹೊಸ ಅಲ್ಯೂಮಿನಿಯಂ ತೆಗೆಯುವುದಕ್ಕಿಂತ ಗುಜರಿ ಕರಗಿಸಿದರೆ ಸುಮಾರು 95% ವಿದ್ಯುತ್ತು, ಇಂಧನ ಉಳಿಯುತ್ತದೆ. ಆದರೆ ಇದೆಲ್ಲ ನಿಂತಿರುವುದು ಮಷಿನ್ ಪಕ್ಕದ ಬಿನ್ನಿನ ಮೇಲೆ. 2024 ಅನ್ನುವ ಅಲ್ಯೂಮಿನಿಯಂನಲ್ಲಿ ತಾಮ್ರ ಸೇರಿದೆ, 7075ರಲ್ಲಿ ಸತು ಜಾಸ್ತಿ. ಕಣ್ಣಿಗೆ ಎರಡೂ ಒಂದೇ. ಒಂದೇ ಬಿನ್ನಿಗೆ ಬಿದ್ದರೆ ಮುಗಿಯಿತು, ಮತ್ತೆ ವಿಮಾನದ ಕೆಲಸಕ್ಕೆ ಅದು ಬರುವುದಿಲ್ಲ, ಯಾವುದೋ ಕ್ಯಾಸ್ಟಿಂಗಿಗೆ ಹೋಗುತ್ತದೆ, ರೇಟೂ ಬೀಳುತ್ತದೆ. ಅದಕ್ಕೇ ಒಂದು ಜಾಬ್ ಮುಗಿಸಿ ಇನ್ನೊಂದು ಹಾಕುವ ಮೊದಲು ಮಷಿನ್ ಬೆಡ್ ಪೂರ್ತಿ ಗುಡಿಸಬೇಕು. ಶಿಫ್ಟ್ ಮುಗಿಯುವ ಹೊತ್ತಿಗೆ ಬೇಜಾರಾದರೂ ನಾನು ಬಿಟ್ಟವನಲ್ಲ, ಮೂಲೆ ಮೂಲೆಗೂ ಬ್ರಷ್ ಹಾಕಿ ತೆಗೆಯುತ್ತಿದ್ದೆ.

ಟೈಟಾನಿಯಂ ಬೇರೆಯೇ ಕಥೆ. ಸಣ್ಣ ಪುಡಿ ಬೆಂಕಿ ಹಿಡಿಯುತ್ತದೆ. ಮೊಂಡಾದ ಟೂಲಿನಿಂದ ಒಂದು ಕಿಡಿ ಹಾರಿದರೂ ಸಾಕು. ಒಂದು ಸಲ ನನ್ನ ಕಣ್ಣೆದುರೇ ಟ್ರೇ ಹೊತ್ತಿಕೊಂಡು ಬೆಳ್ಳಗೆ ಉರಿಯಿತು. ಹೊಸ ಹುಡುಗನೊಬ್ಬ ನೀರಿನ ಬಕೆಟ್ ಹಿಡಿದು ಓಡಿಬಂದ, ಅವನ ರಟ್ಟೆ ಹಿಡಿದು ನಿಲ್ಲಿಸಿದೆ. ಆ ಬೆಂಕಿಗೆ ನೀರು ಹಾಕಿದರೆ ಹೈಡ್ರೋಜನ್ ಹುಟ್ಟಿ ಇನ್ನೂ ಭುಗಿಲೇಳುತ್ತದೆ. ಲೋಹದ ಬೆಂಕಿಗೆಂದೇ ಇಟ್ಟಿದ್ದ ಒಣ ಪುಡಿ ಸುರಿದು ಆರಿಸಿದೆವು. ಈ ಚಿಪ್ಸನ್ನು ಬೇರೆ ಮುಚ್ಚಳದ ಡ್ರಮ್ಮಿನಲ್ಲೇ ಇಡಬೇಕು. ಅದರಲ್ಲಿ ಬಹಳಷ್ಟು ಕಬ್ಬಿಣ ಬೆರೆತ ಫೆರೋಟೈಟಾನಿಯಂ ಆಗಿ ಉಕ್ಕಿನ ಕಾರ್ಖಾನೆ ಸೇರುತ್ತದೆ.

ಇನ್ನೊಂದು ವಿಷಯ. ರಿಜೆಕ್ಟ್ ಆದ ಬಿಡಿಭಾಗವನ್ನು ಹಾಗೇ ಗುಜರಿಗೆ ಕೊಡುವ ಹಾಗಿಲ್ಲ. ಕತ್ತರಿಸಿ, ಜಜ್ಜಿ, ಮತ್ತೆ ಬಳಸಲು ಆಗದ ಹಾಗೆ ಮಾಡಿಯೇ ಹೊರಗೆ ಬಿಡಬೇಕು. ಇಲ್ಲದಿದ್ದರೆ ಯಾರೋ ಪಾಲಿಶ್ ಮಾಡಿ ಒಳ್ಳೆಯ ಭಾಗ ಅಂತ ಮಾರಿಬಿಡಬಹುದು, ಅದು ಯಾವುದೋ ವಿಮಾನದಲ್ಲಿ ಕೂತರೆ ಜೀವ ಹೋಗುತ್ತದೆ.

ಪ್ಲೇಟಿಂಗ್_ಕೆಮಿಸ್ಟ್

ಲೋಹದ ಬಗ್ಗೆ ಅವರು ಹೇಳಿದ್ದು ಸರಿ. ನೀರಿನ ಬಗ್ಗೆ ನಾನು ಹೇಳುತ್ತೇನೆ. ಸರ್, ದಯವಿಟ್ಟು ಮಕ್ಕಳಿಗೆ "ಎಲ್ಲವೂ ರೀಸೈಕಲ್ ಆಗುತ್ತದೆ" ಅಂತ ಹೇಳಬೇಡಿ, ಅದು ನಿಜವಲ್ಲ.

ತುಕ್ಕು ಹಿಡಿಯದಿರಲಿ ಅಂತ ವಿಮಾನದ ಭಾಗಗಳಿಗೆ ಕ್ರೋಮಿಕ್ ಆಸಿಡ್, ಕ್ಯಾಡ್ಮಿಯಂ ಬಳಸುವುದುಂಟು. ತೊಳೆದ ನೀರು ಹಳದಿ ಬಣ್ಣಕ್ಕೆ ಬರುತ್ತದೆ. ಅದರಲ್ಲಿರುವುದು ಆರು ವೇಲೆನ್ಸಿಯ ಕ್ರೋಮಿಯಂ, ಕ್ಯಾನ್ಸರ್ ತರುವಂಥದ್ದು. ಆಸಿಡ್ ಹಾಕಿ ಪಿಎಚ್ 2-3ಕ್ಕೆ ಇಳಿಸಿ, ಸೋಡಿಯಂ ಮೆಟಾಬೈಸಲ್ಫೈಟ್ ಹಾಕುತ್ತೇವೆ. ಕಲಕುತ್ತಾ ನಿಂತರೆ ಕಣ್ಣೆದುರೇ ಹಳದಿ ಹೋಗಿ ಹಸಿರು ಬರುತ್ತದೆ. ಎಷ್ಟು ವರ್ಷವಾದರೂ ಆ ಬಣ್ಣ ತಿರುಗುವುದನ್ನು ನಾನು ನಿಂತು ನೋಡುತ್ತೇನೆ, ಅಲ್ಲಿಯವರೆಗೆ ವಾಲ್ವ್ ಮುಟ್ಟುವುದಿಲ್ಲ. ಆಮೇಲೆ ಸುಣ್ಣ ಹಾಕಿದರೆ ಕ್ರೋಮಿಯಂ ತಳಕ್ಕೆ ಕೂರುತ್ತದೆ, ಫಿಲ್ಟರ್ ಪ್ರೆಸ್‌ನಲ್ಲಿ ಹಿಂಡಿದರೆ ಹಸಿರು ಕೇಕ್. ಹೊರಗೆ ಬಿಡುವ ನೀರಿನಲ್ಲಿ ಆ ಆರು ವೇಲೆನ್ಸಿಯ ಕ್ರೋಮಿಯಂ ಲೀಟರಿಗೆ 0.1 ಮಿಲಿಗ್ರಾಂ ದಾಟಬಾರದು.

ಸಯನೈಡ್ ಇರುವ ಕ್ಯಾಡ್ಮಿಯಂ ನೀರಿಗೆ ಬೇರೆ ಪೈಪು, ಬೇರೆ ಟ್ಯಾಂಕು. ಅದು ಆಸಿಡ್ ನೀರಿಗೆ ಸೇರಿದರೆ ವಿಷದ ಅನಿಲ ಏಳುತ್ತದೆ.

ಆ ಕೇಕ್ ಇದೆಯಲ್ಲ, ಅದರಿಂದ ಮತ್ತೆ ಲೋಹ ತೆಗೆಯುವುದು ಅಪರೂಪ. ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಂಥ ಕಡೆ ಅಪಾಯಕಾರಿ ತ್ಯಾಜ್ಯಕ್ಕೆಂದೇ ಮಾಡಿದ ಭೂಭರ್ತಿಗೆ ಹೋಗುತ್ತದೆ, ಅಲ್ಲೇ ಉಳಿಯುತ್ತದೆ. ಪೇಂಟಿನ ಕೆಸರು, ಅಂದರೆ ಸ್ಲಜ್‌ನಂಥದ್ದು ಸಿಮೆಂಟ್ ಕಾರ್ಖಾನೆಯ ಗೂಡಿನಲ್ಲಿ ಉರಿಯಬಹುದು. ಹಾಗಾಗಿ ಮೊದಲು ಕಮ್ಮಿ ಹುಟ್ಟಿಸುವುದೇ ದೊಡ್ಡ ಕೆಲಸ. ತೊಳೆಯುವ ತೊಟ್ಟಿ ಒಂದರ ಬದಲು ಮೂರು ಸಾಲಾಗಿ ಇಟ್ಟು, ಭಾಗ ಮುಂದೆ ಹೋದ ಹಾಗೆ ನೀರನ್ನು ಹಿಂದಕ್ಕೆ ಹರಿಸಿದರೆ ನೀರಿನ ಖರ್ಚು ಬಹಳ ಇಳಿಯುತ್ತದೆ.

ಪೀಣ್ಯ_ಜಾಬ್‌ವರ್ಕ್

ದೊಡ್ಡ ಕಾರ್ಖಾನೆಯ ಕಾಂಪೌಂಡ್ ಒಳಗೆ ಎಲ್ಲ ಚೆನ್ನಾಗಿರುತ್ತದೆ, ಒಪ್ಪುತ್ತೇನೆ. ಆದರೆ ಕೆಲಸದ ಪಾಲು ನಮ್ಮಂಥ ಸಣ್ಣ ಶೆಡ್ಡುಗಳಿಗೂ ಬರುತ್ತದೆ, ಅದರ ಜೊತೆ ಕೂಲೆಂಟು (ಕೆತ್ತುವಾಗ ತಂಪಿಗೆ ಹರಿಸುವ ಎಣ್ಣೆ ಬೆರೆತ ನೀರು), ಎಣ್ಣೆ, ಸ್ಲಜ್ ಕೂಡ ನಮ್ಮ ಶೆಡ್ಡಿನಲ್ಲೇ ಹುಟ್ಟುತ್ತದೆ. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಶುರುವಿನಲ್ಲಿ ನಾನೂ ತಪ್ಪು ಮಾಡಿದೆ. ಟೆಂಪೋದವನೊಬ್ಬ ಬಂದು ಹಳೇ ಎಣ್ಣೆ ಡ್ರಮ್ಮಿಗೆ ದುಡ್ಡು ಕೊಟ್ಟ, ಕೂಲೆಂಟನ್ನೂ ಒಯ್ಯುತ್ತೇನೆ ಅಂದ. ಕಾಗದ ಕೇಳಲಿಲ್ಲ. ಮೂರು ದಿನ ಬಿಟ್ಟು ನೋಡಿದರೆ ಹಿಂದಿನ ರಾಜಕಾಲುವೆಯಲ್ಲಿ ನಮ್ಮದೇ ಕೂಲೆಂಟು, ಹಾಲಿನ ಹಾಗೆ ಬೆಳ್ಳಗೆ. ಆ ರಾತ್ರಿ ನಿದ್ದೆ ಬರಲಿಲ್ಲ.

2016ರ ನಿಯಮದ ಪ್ರಕಾರ ಅಪಾಯಕಾರಿ ತ್ಯಾಜ್ಯವನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವ ಹಾಗಿಲ್ಲ, ಪರವಾನಗಿ ಇರುವವರಿಗೇ ಕೊಡಬೇಕು. ಕಳಿಸುವಾಗ ಏಳು ಬಣ್ಣದ ಪ್ರತಿಗಳ ಮ್ಯಾನಿಫೆಸ್ಟ್, ಅಂದರೆ ಸಾಗಣೆ ಚೀಟಿ ಇರುತ್ತದೆ. ಬಿಳಿ ಪ್ರತಿ ಮಾಲಿನ್ಯ ಮಂಡಳಿಗೆ, ಹಳದಿ ನಮ್ಮ ಫೈಲಿಗೆ. ಮಾಲು ತೆಗೆದುಕೊಂಡವರು ಸಹಿ ಹಾಕಿ ನೀಲಿ ಪ್ರತಿಯನ್ನು ನಮಗೆ ವಾಪಸ್ ಕಳಿಸಬೇಕು. ನೀಲಿ ಬರುವವರೆಗೆ ಆ ಡ್ರಮ್ ನನ್ನದೇ ಅಂತ ಈಗ ಅಂದುಕೊಂಡಿದ್ದೇನೆ, ಬರದಿದ್ದರೆ ಫೋನ್ ಮಾಡಿ ಪೀಡಿಸುತ್ತೇನೆ.

ವಿಮಾನಪುರದ_ಮೇಷ್ಟ್ರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇದನ್ನು ಕ್ಲಾಸಿನಲ್ಲಿ ಕೈಯಾರೆ ಏನಾದರೂ ತೋರಿಸಬಹುದಾ? ಬರೀ ಮಾತಾದರೆ ಮಕ್ಕಳು ಮರೆತುಬಿಡುತ್ತಾರೆ.

ಹಳೇ_ಮಿಲ್ಲರ್

ಧಾರಾಳವಾಗಿ. 6061 ಅನ್ನುವ ಇನ್ನೊಂದು ಅಲ್ಯೂಮಿನಿಯಂ ಮತ್ತು 2024 ಎರಡರ ತುಂಡು ನಾನೇ ತರುತ್ತೇನೆ. ಮೊದಲು ಮಕ್ಕಳ ಕೈಗೆ ಕೊಟ್ಟು ಯಾವುದು ಯಾವುದು ಹೇಳಿ ಅನ್ನಿ, ಯಾರಿಗೂ ಆಗುವುದಿಲ್ಲ. ಆಮೇಲೆ ಎರಡರ ಮೇಲೂ ಒಂದೊಂದು ಹನಿ ಕಾಸ್ಟಿಕ್ ಸೋಡಾ ನೀರು. ಸ್ವಲ್ಪ ಹೊತ್ತಿಗೆ ತಾಮ್ರ ಇರುವ 2024 ಕಪ್ಪಾಗುತ್ತದೆ, 6061 ಬೂದು ಬಿಳುಪಾಗಿಯೇ ಉಳಿಯುತ್ತದೆ.

ಪ್ಲೇಟಿಂಗ್_ಕೆಮಿಸ್ಟ್

ಹನಿ ಹಾಕುವ ಕೆಲಸ ದೊಡ್ಡವರೇ ಮಾಡಿ. ಗ್ಲೌಸ್, ಕನ್ನಡಕ ಇರಲಿ, ಕಿಟಕಿ ತೆಗೆದಿಡಿ. ಉಳಿದ ಕಾಸ್ಟಿಕ್ ನೀರನ್ನು ಸಿಂಕಿಗೆ ಸುರಿಯಬೇಡಿ, ವಿನೆಗರ್ ಹಾಕಿ ಲಿಟ್ಮಸ್ ನೋಡಿ ಆಮೇಲೆ ಚೆಲ್ಲಿ. ಅದನ್ನೂ ಮಕ್ಕಳ ಎದುರಿಗೇ ಮಾಡಿ ಸರ್.

ವಿಮಾನಪುರದ_ಮೇಷ್ಟ್ರು

ಲಿಟ್ಮಸ್, ವಿನೆಗರ್ ನಾನು ರೆಡಿ ಇಡುತ್ತೇನೆ. ಶನಿವಾರ ಬೆಳಿಗ್ಗೆ ಬಂದುಬಿಡಿ ಸರ್, ವಿಳಾಸ ಮೆಸೇಜ್ ಮಾಡುತ್ತೇನೆ. ಪ್ರಶ್ನೆ ಕೇಳಿದವಳಿಗೆ ಇವತ್ತೇ ಹೇಳಿದ್ದೇನೆ, ಎರಡು ತುಂಡಿಗೂ ಬೇರೆ ಬೇರೆ ಡಬ್ಬಿ ತರುತ್ತಾಳಂತೆ.