ಸಹಾಯ ಬೇಕು: ಚೆಸ್‌ನಲ್ಲಿ ಕಾಲಾಳನ್ನು ಬಿ4 ಚೌಕಕ್ಕೆ ಯಾವಾಗ ತಳ್ಳಬೇಕು?

ನಮಸ್ಕಾರ. ನಾನು ಉಡುಪಿಯವನು, ಎರಡು ವರ್ಷದಿಂದ ಚೆಸ್ ಆಡುತ್ತಿದ್ದೇನೆ. ಓಪನಿಂಗ್ (ಆಟದ ಶುರುವಿನ ನಡೆಗಳು) ಹತ್ತು ನಡೆವರೆಗೆ ಸರಿ ಉಂಟು. ಆಮೇಲೆ ದಾರಿಯೇ ಕಾಣುವುದಿಲ್ಲ.

ಬಿಳಿಯಲ್ಲಿ ಕ್ವೀನ್ಸ್ ಗ್ಯಾಂಬಿಟ್ ಎಕ್ಸ್‌ಚೇಂಜ್ ಅನ್ನುವ ಓಪನಿಂಗ್ ಆಡುತ್ತೇನೆ. ಬಿ4, ಬಿ5 ಅಂತ ಕಾಲಾಳು ತಳ್ಳಿ ಸಿ6ರಲ್ಲಿ ಹೊಡೆಯುವ ಮೈನಾರಿಟಿ ಅಟ್ಯಾಕ್ (ಕಡಿಮೆ ಕಾಲಾಳುಗಳಿಂದ ಹೆಚ್ಚು ಕಾಲಾಳುಗಳ ಮೇಲೆ ದಾಳಿ) ಕಲಿತೆ. ಕಪ್ಪು ಬಿ ಕಾಲಾಳಿನಿಂದ ತಿರುಗಿ ಹೊಡೆದರೆ ಸಿ6 ಕಾಲಾಳು ಹಿಂದೆ ಉಳಿದು ಬಲಹೀನ ಆಗುತ್ತದೆ. ಇಷ್ಟು ಅರ್ಥ ಆಗಿದೆ.

ಕಳೆದ ಭಾನುವಾರ ಜೋರು ಮಳೆ, ಪಕ್ಕದ ಮನೆಯ ಮಾಷ್ಟ್ರ ಜಗಲಿಯಲ್ಲಿ ಅದನ್ನೇ ಆಡಿದೆ. ನನ್ನ ಎರಡೂ ಆನೆ ಸಿ ಸಾಲಿನಲ್ಲಿ, ಸಿ6 ಬೀಳುವುದೇ ಇಲ್ಲ. ಅಷ್ಟರಲ್ಲಿ ಅವರ ಕುದುರೆ ಇ4ಕ್ಕೆ ಬಂತು, ಒಂಟೆ ಡಿ6ಕ್ಕೆ, ಮಂತ್ರಿ ಎಚ್4ಕ್ಕೆ. ಎಚ್2ರಲ್ಲಿ ಮೇಟ್! ತುಂಬಾ ಬೇಜಾರಾಯಿತು ಮಾರಾಯ್ರೆ.

ದಿನಾ ಪಜಲ್ ಬಿಡಿಸುತ್ತೇನೆ, ಆದರೆ ಇಲ್ಲಿ ಹೊಡೆತವೇ ಇಲ್ಲ, ಪ್ಲ್ಯಾನ್ ಬೇಕು ಅಲ್ವಾ? ಎಂಜಿನ್ (ಚೆಸ್ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ) ಸುಮ್ನೆ ಅಂಕೆ ತೋರಿಸುತ್ತದೆ, ಕಾರಣ ಹೇಳುವುದಿಲ್ಲ.

ಇದೇ ಪೊಸಿಷನ್‌ನಲ್ಲಿ ಎಫ್3 ಆಡಿ ಇ4 ತಳ್ಳುವ ದಾರಿಯೂ ಉಂಟಲ್ಲ. ಬಿ4 ಆಡುವುದಾ, ಎಫ್3 ಆಡುವುದಾ ಅಂತ ತೀರ್ಮಾನಿಸಲು ಬೋರ್ಡಿನಲ್ಲಿ ಏನು ನೋಡಬೇಕು? ಬಿ4 ಆಡಿದರೆ ರಾಜನ ಕಾವಲಿಗೆ ಯಾವ ಕಾಯಿ ಉಳಿಸಿಕೊಳ್ಳಬೇಕು?