ಹುಬ್ಬಳ್ಳಿಯಿಂದ ಸ್ಯಾನ್ ಫ್ರಾನ್ಸಿಸ್ಕೊ: ಹೋಗಿ ಬಂದವರು ಅನುಭವ ತಿಳಿಸಿ

ಮಾಳಮಡ್ಡಿ, ಧಾರವಾಡ: ಮಗಳ ಬಾಣಂತನಕ್ಕೆ ನಾನು, ನಮ್ಮ ಮನೆಯವರು ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದೇವೆ. ಬೆಂಗಳೂರಿನಿಂದ ಎಷ್ಟು ದೂರ, ಎಷ್ಟು ತಾಸು? ಮನೆಯವರಿಗೆ ಮೊಣಕಾಲು ನೋವು. ಬೆಂಗಳೂರಿನವರೆಗೆ ವಿಮಾನವೋ ರೈಲೋ?

ಗದಗ: ದೂರ ಸುಮಾರು 14,000 ಕಿ.ಮೀ. ಅದಿರಲಿ, ತೂಕದ ಮಾತು ಕೇಳಿ. ಅಮೆರಿಕದ ಟಿಕೆಟಿನಲ್ಲಿ ನಮಗೆ ತಲಾ 23 ಕೆ.ಜಿ.ಯ ಎರಡೆರಡು ಪೆಟ್ಟಿಗೆ. ಹುಬ್ಬಳ್ಳಿ ವಿಮಾನಕ್ಕೆ ಏಜೆಂಟ್ ಬೇರೆ ಟಿಕೆಟ್ ತೆಗೆದಿದ್ದ, ಅದರಲ್ಲಿ ತಲಾ 15 ಕೆ.ಜಿ. ಮಾತ್ರ! ಅವನು ಬಾಯಿಬಿಟ್ಟು ಹೇಳಲೇ ಇಲ್ಲ. ನನ್ನ ಹೆಂಡತಿ ಕೌಂಟರಿನ ಮುಂದೆ ನೆಲಕ್ಕೆ ಕುಳಿತು ಪೆಟ್ಟಿಗೆ ಬಿಚ್ಚಿದಳು. ಕಡಕ್ ರೊಟ್ಟಿಯ ಕಟ್ಟು, ಗುರೆಳ್ಳು ಚಟ್ನಿ, ಬಾಣಂತಿಗೆಂದು ಕಟ್ಟಿದ ಅಂಟಿನ ಉಂಡೆಯ ಡಬ್ಬಿ, ಎಲ್ಲವನ್ನೂ ತೆಗೆದು ಹೊರಗೆ ನಿಂತಿದ್ದ ತಮ್ಮನ ಕೈಗೆ ಕೊಟ್ಟೆವು. ಅಷ್ಟಾದರೂ ಹದಿನೆಂಟು ಸಾವಿರ ಕಟ್ಟಿಸಿಕೊಂಡರು. ಇಂದಿಗೂ ಹೊಟ್ಟೆ ಉರಿಯುತ್ತದೆ.

ಹಾವೇರಿ: ಅದಕ್ಕೇ ನಾವು ಮನೆ ಬಾಗಿಲಿನಿಂದ ಕಾರಿನಲ್ಲೇ ಹೋದೆವು. ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ಎಡಕ್ಕೆ ಹೊರಳಿ ದೊಡ್ಡಬಳ್ಳಾಪುರದ ಮೇಲಿಂದ ದೇವನಹಳ್ಳಿ. ಬೆಂಗಳೂರಿನ ಟ್ರಾಫಿಕ್ ಕಣ್ಣಿಗೂ ಬೀಳಲಿಲ್ಲ. ತೂಕ ಕೇಳುವವರೂ ಇಲ್ಲ.

ವಿದ್ಯಾನಗರ, ಹುಬ್ಬಳ್ಳಿ: ಮೊಣಕಾಲು ನೋವಿರುವವರನ್ನು ಏಳೆಂಟು ತಾಸು ಕಾರಿನಲ್ಲಿ ಮಡಚಿ ಕೂರಿಸಿ, ಮೇಲೆ ಅಷ್ಟು ದೂರ ಹಾರಿಸುವುದೇ? ಹುಬ್ಬಳ್ಳಿಯಿಂದ ವಿಮಾನದಲ್ಲಿ ಒಂದು ತಾಸಿನ ದಾರಿ. ನಾನು ನಮ್ಮ ಅತ್ತೆಯವರಿಗೆ ಬುಕಿಂಗ್ ಮಾಡುವಾಗಲೇ ಗಾಲಿಕುರ್ಚಿ ಬರೆಸಿದ್ದೆ. ವಲಸೆ ತಪಾಸಣೆಯ ಸಾಲಿನಲ್ಲೂ ಅವರು ನಿಲ್ಲಲಿಲ್ಲ. ಆದರೆ ಅಮೆರಿಕದಲ್ಲಿ ಮೊದಲು ಇಳಿಯುವ ಊರಿನಲ್ಲೇ ಸಾಮಾನು ತೆಗೆದುಕೊಂಡು, ಕಸ್ಟಮ್ಸ್ ದಾಟಿಸಿ, ಮತ್ತೆ ಒಪ್ಪಿಸಬೇಕು. ನಮಗೆ ಅಲ್ಲಿ ಮುಂದಿನ ವಿಮಾನ ತಪ್ಪಿತು. ಎರಡೇ ತಾಸಿನ ಅಂತರ ಇಟ್ಟು ಟಿಕೆಟ್ ಮಾರಿದವರಿಗೆ ಏನು ಹೇಳಬೇಕು?

ನವನಗರ, ಹುಬ್ಬಳ್ಳಿ: ತಾಸಿನ ಲೆಕ್ಕ ಕೇಳಿದ್ದಾರೆ, ಅದನ್ನು ಯಾರೂ ಹೇಳಲಿಲ್ಲ. ನೇರ ವಿಮಾನ ಇದ್ದಾಗ ಸುಮಾರು 17 ತಾಸು ಹಿಡಿಯುತ್ತಿತ್ತು. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ತಂದಿಳಿಸಿದರಲ್ಲ, ಅದೇ ವಿಮಾನ ಸೇವೆ. ನಡುವೆ ಇಳಿದು ಹತ್ತಿದರೆ ಸಾಮಾನ್ಯವಾಗಿ 20 ತಾಸಿಗೂ ಹೆಚ್ಚು. ವಂದೇ ಭಾರತ್ ಇರುವಾಗ ಈ ವಿಮಾನ, ಕಾರಿನ ಜಗಳವೇಕೆ?

ಗದಗ: ವಂದೇ ಭಾರತ್ ಇಳಿಸುವುದು ಮೆಜೆಸ್ಟಿಕ್‌ನಲ್ಲಿ ಸರ್, ದೇವನಹಳ್ಳಿಯಲ್ಲಲ್ಲ. ಸಂಜೆಯ ಹೊತ್ತು ನಾಲ್ಕು ಪೆಟ್ಟಿಗೆ ಹೊತ್ತು ನೀವೇ ಹೋಗಿ ನೋಡಿ.

ಹಾವೇರಿ: ವಿದ್ಯಾನಗರದ ಅಕ್ಕನವರೇ, ನಿಮಗೆ ಗೋಕುಲ ರಸ್ತೆಯಲ್ಲೇ ವಿಮಾನ ನಿಲ್ದಾಣ. ರಾಣೆಬೆನ್ನೂರಿನವರು ಬೆಂಗಳೂರಿಗೆ ಹೋಗಲು ಹುಬ್ಬಳ್ಳಿಗೆ ಹಿಂದಕ್ಕೆ ಬರಬೇಕೇ?

ವಿದ್ಯಾನಗರ, ಹುಬ್ಬಳ್ಳಿ: ಕೇಳಿದವರು ಧಾರವಾಡದವರು. ರಾಣೆಬೆನ್ನೂರು ಎಲ್ಲಿಂದ ಬಂತು?

ಮಾಳಮಡ್ಡಿ, ಧಾರವಾಡ: ಗಾಲಿಕುರ್ಚಿಗೆ ಬೇರೆ ಹಣ ಕಟ್ಟಬೇಕೇ, ಯಾರಾದರೂ ತಿಳಿಸಿ.