ಒರೆಗಾನ್ ಟ್ರೇಲ್ ಹಿಡ್ಕೊಂಡು ಕಾರಲ್ಲಿ, ಹತ್ತು ದಿನ ಸಾಕಾ?

ಅಲೆಮಾರಿ:
ಜೂನ್‌ನಲ್ಲಿ ಹತ್ತು ದಿನ ರಜೆ ಇದೆ, ನಾನು ನಮ್ಮನೆಯವ್ರು ಹನ್ನೊಂದು ವರ್ಷದ ಮಗ, ಮಿಸೌರಿಯ ಇಂಡಿಪೆಂಡೆನ್ಸ್‌ನಿಂದ ಒರೆಗಾನ್ ಸಿಟಿ ತನಕ ಆ ಹಳೇ ವ್ಯಾಗನ್ ದಾರೀಲೇ ಹೋಗೋಣ ಅಂತ. ಸುಮಾರು 2,170 ಮೈಲಿ. 1840ರ ದಶಕದಲ್ಲಿ ಅಮೆರಿಕದ ಪಶ್ಚಿಮಕ್ಕೆ ವಲಸೆ ಹೋಗೋರು ಗಾಡಿಗೆ ಎತ್ತು ಕಟ್ಕೊಂಡು ಐದಾರು ತಿಂಗಳಲ್ಲಿ ಹೋಗ್ತಿದ್ರು, ಕಾರಿಗೆ ಹತ್ತು ದಿನ ಧಾರಾಳ ಅಲ್ವಾ? ಆದ್ರೆ ಮ್ಯಾಪ್ ಹಾಕಿದ್ರೆ ಸೀದಾ ಇಂಟರ್‌ಸ್ಟೇಟ್‌ಗೆ ತಳ್ಳತ್ತೆ. ನಿಜವಾದ ದಾರಿ ಎಲ್ಲಾದ್ರೂ ಉಳಿದಿದ್ಯಾ, ಇಲ್ಲಾ ಬರೀ ಬೋರ್ಡ್ ಓದ್ಕೊಂಡು ಬರೋದಾ?

ಗಾಡಿಜಾಡು:
ಸಾಕು ಸರ್, ಆದ್ರೆ ದಿನಗಳನ್ನ ಸಮನಾಗಿ ಹಂಚ್ಬೇಡಿ. ಕಾನ್ಸಾಸ್ ಬೇಗ ದಾಟಿ, ನೆಬ್ರಾಸ್ಕಾದ ಒಗಲಾಲಾದಲ್ಲಿ ಐ-80 ಇಂಟರ್‌ಸ್ಟೇಟ್ ಬಿಟ್ಟು 26ನೇ ಹೆದ್ದಾರಿ ಹಿಡೀರಿ, ಚಿಮ್ನಿ ರಾಕ್, ಸ್ಕಾಟ್ಸ್ ಬ್ಲಫ್ ಅನ್ನೋ ಬಂಡೆಗಳು, ಫೋರ್ಟ್ ಲಾರಮಿ ಕೋಟೆ ಎಲ್ಲಾ ಅದೇ ದಾರೀಲಿ ಸಿಗತ್ತೆ. ದಾರಿ ಉಳಿದಿದ್ಯಾ ಅಂದ್ರಲ್ಲ, ವಯೋಮಿಂಗ್‌ನ ಗರ್ನ್ಸಿ ಊರಾಚೆ ಹೋಗಿ ನೋಡಿ. ನದಿ ದಂಡೇಲಿ ಜಾಗ ಇಲ್ದೆ ಗಾಡಿಗಳೆಲ್ಲಾ ಒಂದೇ ಮರಳುಗಲ್ಲಿನ ದಿಬ್ಬ ಹತ್ಬೇಕಿತ್ತು, ಚಕ್ರ ಉಜ್ಜಿ ಉಜ್ಜಿ ಕೆಲವು ಕಡೆ ಐದಡಿ ಆಳ ತಿಂದುಬಿಟ್ಟಿದೆ. ನನ್ ಮಗಳು ಇಳಿದು ನಿಂತ್ರೆ ಈಚೆಯಿಂದ ಬರೀ ಟೋಪಿ ಕಾಣ್ತಿತ್ತು. ಎರಡೂ ಪಕ್ಕ ಕಲ್ಲಿಗೆ ಕೈ ಇಟ್ಟು ನಡೀಬಹುದು. ನಾವು ಅರ್ಧ ಗಂಟೆ ಅಂದ್ಕೊಂಡ್ವಿ, ಮಧ್ಯಾಹ್ನ ಪೂರ್ತಿ ಅಲ್ಲೇ ಹೋಯ್ತು.

ಸುಮ್ನೆ ಓದೋಳು:
ಗರ್ನ್ಸಿ ಸರಿ, ಆದ್ರೆ ಸೌತ್ ಪಾಸ್ ಬಿಡ್ಬೇಡಿ. ನೋಡೋಕೆ ಏನೂ ಇಲ್ಲ ಅಂತ ಮೊದ್ಲೇ ಹೇಳ್ಬಿಡ್ತೀನಿ, ನಮ್ಮನೆಯವ್ರು ಕಾರಿಂದ ಇಳಿದು "ಇದೇನಾ ಘಾಟಿ?" ಅಂದ್ರು. 7,400 ಅಡಿ ಎತ್ತರದಲ್ಲಿದ್ರೂ ಮೈದಾನದ ಥರಾ ಅಗಲ, ಅದಕ್ಕೇ ಗಾಡಿ ರಾಕಿ ಪರ್ವತ ದಾಟೋಕಾಗಿದ್ದು. ಅದಕ್ಕೂ ಮುಂಚೆ ಇಂಡಿಪೆಂಡೆನ್ಸ್ ರಾಕ್ ಅನ್ನೋ ದೊಡ್ಡ ಬಂಡೆ ಸಿಗತ್ತೆ, ಜುಲೈ 4ರೊಳಗೆ ಅಲ್ಲಿಗೆ ಮುಟ್ಟದಿದ್ರೆ ಪಶ್ಚಿಮದ ಬೆಟ್ಟದಲ್ಲಿ ಹಿಮಕ್ಕೆ ಸಿಕ್ಕಾಕೊಳ್ಳೋ ಭಯ ಅವ್ರಿಗೆ. ಹಂಗಂತ ಬೇಗ ಹೊರಡೋಕೂ ಆಗ್ತಿರ್ಲಿಲ್ಲ, ಎತ್ತಿಗೆ ಹುಲ್ಲು ಚಿಗುರ್ಬೇಕಿತ್ತಲ್ಲ.
ಕ್ಯಾಸ್ಪರ್‌ನಲ್ಲೇ ಟ್ಯಾಂಕ್ ಫುಲ್ ಮಾಡ್ಸಿ. ನಾವು ಮುಂದೆ ಹಾಕ್ಸೋಣ ಅಂತ ಹೋಗಿ, ಎಸಿ ಆಫ್ ಮಾಡ್ಕೊಂಡು, ಸಿಗ್ನಲ್ಲೂ ಇಲ್ದೆ ಉಸಿರು ಬಿಗಿ ಹಿಡ್ಕೊಂಡು ಲ್ಯಾಂಡರ್ ಸೇರಿದ್ವಿ.

ಗಾಡಿಜಾಡು:
ಹೌದು, ಅದು ಮುಖ್ಯ. ನ್ಯಾಷನಲ್ ಪಾರ್ಕ್ ಸರ್ವಿಸ್ ಸೈಟಲ್ಲಿ ರಾಜ್ಯವಾರು ಆಟೋ ಟೂರ್ ಗೈಡ್ ಫ್ರೀ ಸಿಗತ್ತೆ, ಮನೇಲೇ ಡೌನ್‌ಲೋಡ್ ಮಾಡ್ಕೊಂಡು ಹೊರಡಿ.

ಅಲೆಮಾರಿ:
ಥ್ಯಾಂಕ್ಸ್, ವಯೋಮಿಂಗ್‌ಗೇ ನಾಲ್ಕು ದಿನ ಇಟ್ಟೆ. ಮಗ ಆಗ್ಲೇ "ಇಂಡಿಯನ್ನರು ಅಟ್ಯಾಕ್ ಮಾಡ್ತಿದ್ರಾ" ಅಂತ ಶುರು ಮಾಡಿದಾನೆ. ಕೊನೇಲಿ ಕೊಲಂಬಿಯಾ ನದಿ ಪಕ್ಕ ಹೋಗೋದಾ, ಮೌಂಟ್ ಹುಡ್ ಕಡೆಯಿಂದನಾ?

ಸುಮ್ನೆ ಓದೋಳು:
ಜಾಸ್ತಿ ಜನ ಸತ್ತಿದ್ದು ಕಾಲರಾದಿಂದ ಅಂತ ಹೇಳಿ ಅವನಿಗೆ, ಚಕ್ರದಡಿ ಸಿಕ್ಕೋ ನದೀಲಿ ಮುಳುಗಿನೋ ಹೋದೋರೂ ಇದ್ರು. ಆ ನೆಲ ಲಕೋಟಾ, ಶೋಶೋನಿ ಅವ್ರದ್ದು ಅನ್ನೋದನ್ನೂ ಹೇಳಿ. 1851ರ ಫೋರ್ಟ್ ಲಾರಮಿ ಒಪ್ಪಂದದಲ್ಲಿ ದಾರಿ ಬಿಟ್ಟಿದ್ದಕ್ಕೆ ಬಯಲುಸೀಮೆಯ ಬುಡಕಟ್ಟುಗಳಿಗೆ ವರ್ಷಕ್ಕೆ 50,000 ಡಾಲರ್‌ನಂತೆ ಐವತ್ತು ವರ್ಷ ಕೊಡ್ತೀವಿ ಅಂದು, ಸೆನೆಟ್ ಅದನ್ನ ಹತ್ತು ವರ್ಷಕ್ಕೆ ಇಳಿಸ್ತು.
ಕೊನೇ ದಾರಿ ಮೌಂಟ್ ಹುಡ್ ಕಡೆದೇ ಇರ್ಲಿ. 1846ರಲ್ಲಿ ಆ ಬೆಟ್ಟದ ಪಕ್ಕ ಬಾರ್ಲೋ ರೋಡ್ ಆಗೋ ತನಕ ಗಾಡೀನ ತೆಪ್ಪದ ಮೇಲೆ ಹೇರಿ ಕೊಲಂಬಿಯಾದಲ್ಲಿ ತೇಲಿಸ್ಬೇಕಿತ್ತು. ಬಾರ್ಲೋದಲ್ಲಿ ಲಾರೆಲ್ ಹಿಲ್ ಅಂತ ಒಂದು ಇಳಿಜಾರು ಇದೆ, ಮರಕ್ಕೆ ಹಗ್ಗ ಸುತ್ತಿ ಗಾಡಿ ಇಳಿಸ್ತಿದ್ರು. ರಸ್ತೆ ಪಕ್ಕದಲ್ಲೇ ಸಿಗತ್ತೆ, ಒಗಲಾಲಾದಲ್ಲಿ ಹಿಡಿದ್ರಲ್ಲ, ಅದೇ 26.